ಮೊದಲ ರೈಲು ಹೋದ ಮೇಲೆ ಮಕ್ಕಳು ಯಾರನ್ನು ಕೇಳಬೇಕು?

ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಕೆಜಿಎಫ್‌ನ ಅಪ್ಪ ಅಮ್ಮಂದಿರು ದಿನಾ ಊರು ಬಿಡುತ್ತಾರೆ. 2001ರ ಫೆಬ್ರುವರಿ 28ರಂದು ಇಲ್ಲಿನ ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಈ ಊರಿನ ದುಡಿಮೆಯೆಲ್ಲ ಹಳಿಯ ಆ ತುದಿಗೆ ಹೋಯಿತು. ಹೊರಡುವಾಗ ಮಕ್ಕಳು ಮಲಗಿರುತ್ತಾರೆ, ವಾಪಸ್ಸು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಇಲ್ಲಿನ ಹದಿಹರೆಯದವರ ಯಾವ ವಿಷಯ ಮಾತನಾಡಲು ಹೊರಟರೂ ಈ ಸಂಗತಿಯನ್ನು ಬಿಟ್ಟು ಮಾತನಾಡಲಾಗದು.

ಕೆಳಗಿನ ಮಾತುಕತೆ ಕೆಜಿಎಫ್‌ನ ಒಂದು ಪ್ರೌಢಶಾಲೆಯಲ್ಲಿ, ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ ನಡೆಯುತ್ತದೆ. ಒಬ್ಬರು ಅಲ್ಲಿನ ವಿಜ್ಞಾನದ ಮಿಸ್. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಬಂಗಾರಪೇಟೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಜೊತೆಗೆ ಬಂದವನು ಅವಳ ಚಿಕ್ಕಮ್ಮನ ಮಗ, ಬಂಗಾರಪೇಟೆಯ ಬೇರೊಂದು ಶಾಲೆಯಲ್ಲಿ ಹತ್ತನೇ ತರಗತಿ. ಯಾರ ಹೆಸರೂ ಬೇಡ. ಈ ಪ್ರಶ್ನೆಗಳು ಯಾವ ಮನೆಯ ಮಕ್ಕಳವೂ ಆಗಬಹುದು.

ಹುಡುಗಿ: ಮಿಸ್, ಕಾಲೇಜಲ್ಲಿ ಚರ್ಚಾಸ್ಪರ್ಧೆ ಇದೆ. ‘ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕೇ, ಬೇಡವೇ’ ಅಂತ ವಿಷಯ. ಬೇಕು ಅನ್ನೋ ಕಡೆ ನಾನು ಮಾತಾಡ್ಬೇಕು. ಆದ್ರೆ ಬರೆಯೋಕೆ ಕೂತಾಗ ಪ್ರಶ್ನೇನೇ ಸರಿಯಿಲ್ಲ ಅನ್ನಿಸ್ತು. ಪಾಠ ಆಗಲೇ ಪುಸ್ತಕದಲ್ಲಿ ಇದೆಯಲ್ಲ?

ಮಿಸ್: ಇದೆ ಕಣಮ್ಮ. ಎಂಟನೇ ಕ್ಲಾಸಲ್ಲಿ ಹದಿಹರೆಯದ ಪಾಠ. ಧ್ವನಿ ಯಾಕೆ ಒಡೆಯುತ್ತೆ, ಮೊಡವೆ ಯಾಕೆ ಬರುತ್ತೆ, ಮುಟ್ಟು ಅಂದ್ರೇನು, ಹುಟ್ಟೋ ಮಗು ಹೆಣ್ಣೋ ಗಂಡೋ ಅನ್ನೋದು ತಂದೆಯ ವರ್ಣತಂತುವಿನಿಂದ ತೀರ್ಮಾನ ಆಗುತ್ತೆ ಅನ್ನೋದು, ಎಲ್ಲಾ ಅದ್ರಲ್ಲಿದೆ. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದಲ್ಲಿ ಗರ್ಭನಿರೋಧಕಗಳಿವೆ, ಲೈಂಗಿಕ ಸಂಪರ್ಕದಿಂದ ಹರಡೋ ಕಾಯಿಲೆಗಳಿವೆ, ಎಚ್‌ಐವಿ ಇದೆ, ಭ್ರೂಣದ ಲಿಂಗ ಪತ್ತೆ ಮಾಡೋದು ಯಾಕೆ ಅಪರಾಧ ಅನ್ನೋದೂ ಇದೆ.

ಹುಡುಗ: ನಮಗೆ ಹೂವಿನ ಚಿತ್ರ ಬರೆಸಿದ್ರು. ನೀಳಛೇದ ಚೆನ್ನಾಗಿ ಅಭ್ಯಾಸ ಮಾಡಿ, ಪರೀಕ್ಷೇಲಿ ಬರುತ್ತೆ ಅಂದ್ರು. ಉಳಿದಿದ್ದು ಮನೇಲಿ ಓದ್ಕೊಳ್ಳಿ ಅಂದ್ರು.

ಹುಡುಗಿ: ನೋಡಿ ಮಿಸ್, ಇದೇ. ಯಾರ ಮನೇಲಿ ಓದ್ಕೊಳ್ಳೋದು? ನಮ್ಮದು ಲೈನ್ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅಜ್ಜಿ ಅಲ್ಲೇ, ತಮ್ಮ ಅಲ್ಲೇ. ಅಮ್ಮ ಕಂಟೋನ್ಮೆಂಟಲ್ಲಿ ಇಳಿದು ಗಾರ್ಮೆಂಟ್ಸಿಗೆ ಹೋಗ್ತಾಳೆ. ರಾತ್ರಿ ಬಂದು ಊಟ ಬಡಿಸಿ ಹಾಗೇ ಮಲಗಿಬಿಡ್ತಾಳೆ. ಅವಳನ್ನ ಎಬ್ಬಿಸಿ ಕೇಳೋ ಪ್ರಶ್ನೆನಾ ಇದು? ನಾನು ಮೊದಲ ಸಲ ಮುಟ್ಟಾದಾಗ ಹೇಳಿದ್ದು ಅಜ್ಜಿ. ಅವರು ಹೇಳಿದ್ದು ಒಂದೇ, ಯಾರಿಗೂ ಹೇಳ್ಬೇಡ ಅಂತ.

ಮಿಸ್: ಅಜ್ಜಿ ಮೇಲೆ ಬೇಜಾರು ಮಾಡ್ಕೋಬೇಡ. ಅವರಿಗೂ ಅಷ್ಟೇ ಹೇಳಿದ್ದು. ಇನ್ನು ಅಮ್ಮ ಅಪ್ಪನ ಮಾತು. ಪೋಷಕರ ಸಭೆಗೆ ಬಂದ ತಾಯಿ ಒಬ್ಬರು ನನ್ನ ಕೈ ಹಿಡ್ಕೊಂಡು, ‘ಮಿಸ್, ನಾವು ದಿನವೆಲ್ಲಾ ಊರಲ್ಲಿರಲ್ಲ. ಮಗಳಿಗೆ ಇಲ್ಲದ್ದೆಲ್ಲಾ ಹೇಳ್ಕೊಟ್ಟು ಅವಳೇನಾದ್ರೂ ಮಾಡ್ಕೊಂಡ್ರೆ ಕಾಯೋರು ಯಾರು?’ ಅಂದ್ರು. ಆ ಭಯ ಸುಳ್ಳಲ್ಲ. ಅದನ್ನ ಹಳೇ ಕಾಲದ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ. ನಿನ್ನ ಚರ್ಚೇಲಿ ಆ ತಾಯಿಗೆ ಏನು ಉತ್ತರ ಕೊಡ್ತೀಯ?

ಹುಡುಗಿ: ನಮ್ಮ ತಾತ ಚಾಂಪಿಯನ್ ರೀಫಲ್ಲಿ ಕೆಲಸ ಮಾಡಿದವರು ಮಿಸ್. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಬಂಡೆ ಸಿಡಿಯೋದು ಹೇಗೆ, ಯಾವ ಸದ್ದು ಕೇಳಿದ್ರೆ ಓಡ್ಬೇಕು, ಅದನ್ನೆಲ್ಲಾ ಹೊಸಬರಿಗೆ ಹೇಳ್ಕೊಡ್ತಿದ್ರು ಅಂತಾರೆ. ಅಪಾಯದ ಬಗ್ಗೆ ಹೇಳಿದ್ರೆ ಹುಡುಗರು ಅಪಾಯದ ಕಡೆಗೇ ಹೋಗ್ತಾರೆ ಅಂತ ಅಲ್ಲಿ ಯಾರೂ ಸುಮ್ಮನಿರಲಿಲ್ಲ. ಆ ತಾಯಿಗೆ ನಾನು ಹೇಳೋದು ಇಷ್ಟೇ. ಅಮ್ಮಾ, ನೀವು ಊರಲ್ಲಿ ಇಲ್ಲ, ಅದಕ್ಕೇ ಶಾಲೆ ಹೇಳ್ಬೇಕು. ಇಡೀ ದಿನದಲ್ಲಿ ನಮ್ಮ ಜೊತೆ ಇರೋ ದೊಡ್ಡವರು ಅಂದ್ರೆ ಟೀಚರ್‌ಗಳೇ. ಅವರೂ ಬಾಯಿ ಮುಚ್ಕೊಂಡ್ರೆ ಉಳಿಯೋದು ಮೊಬೈಲು.

ಮಿಸ್: ಹೇಳಿದ್ರೆ ಮಕ್ಕಳು ಕೆಡ್ತಾರೆ ಅನ್ನೋದಕ್ಕೆ ಆಧಾರ ಇಲ್ಲ. ಯುನೆಸ್ಕೊ 2009ರಲ್ಲಿ ಒಂದು ಮಾರ್ಗದರ್ಶಿ ತಂತು, 2018ರಲ್ಲಿ ಅದನ್ನ ಪರಿಷ್ಕರಿಸಿತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲಾ ಜೋಡಿಸಿ ನೋಡಿ, ಇಂಥ ಪಾಠದಿಂದ ಲೈಂಗಿಕ ಚಟುವಟಿಕೆ ಹೆಚ್ಚಲ್ಲ, ಹಲವು ಕಡೆ ಮಕ್ಕಳು ಅದನ್ನ ಮುಂದಕ್ಕೆ ಹಾಕ್ತಾರೆ ಅಂತ ಅದರಲ್ಲಿ ಹೇಳಿದೆ. ಆದ್ರೂ ನಮ್ಮಲ್ಲಿ ಏನಾಯ್ತು ಗೊತ್ತಾ? ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಅಂತ ಕೇಂದ್ರ ಸರ್ಕಾರ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ 2005ರಲ್ಲಿ ಶುರು ಮಾಡಿದ್ವು. 2007ರಲ್ಲಿ ಒಂದರ ಹಿಂದೆ ಒಂದು ರಾಜ್ಯ ಅದನ್ನ ನಿಲ್ಲಿಸ್ತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ. ಕರ್ನಾಟಕವೂ ಆ ಪಟ್ಟೀಲಿತ್ತು. ಆಮೇಲೆ 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೇಲಿ ಲೈಂಗಿಕ ಶಿಕ್ಷಣ ಬೇಡ ಅಂತ ವರದಿ ಕೊಟ್ಟಿತು. ಅಧ್ಯಕ್ಷರು ಎಂ. ವೆಂಕಯ್ಯ ನಾಯ್ಡು. ಅವರು ಆಗ ರಾಜ್ಯಸಭೇಲಿ ಇದ್ದದ್ದು ಕರ್ನಾಟಕದಿಂದಲೇ.

ಹುಡುಗಿ: 2007ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ. ಮಕ್ಕಳನ್ನ ಯಾರಾದ್ರೂ ಕೇಳಿದ್ರಾ ಮಿಸ್?

(ಮಕ್ಕಳನ್ನು ಕೇಳಿದ್ದು ಇನ್ನೊಂದು ಇಲಾಖೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಅದೇ 2007ರಲ್ಲಿ ವರದಿ ಪ್ರಕಟಿಸಿತು. ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಇಂಥ ವರದಿ ಕೈಗೆ ಬಂದ ವರ್ಷವೇ ರಾಜ್ಯಗಳು ಶಾಲೆಯ ಬಾಯಿ ಮುಚ್ಚಿಸಿದವು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಮ್ಮ ಶಿಕ್ಷಣ ವ್ಯವಸ್ಥೆ ಮಕ್ಕಳಿಗೆ ಮಾಡಿಲ್ಲವೆಂದೇ ನನ್ನ ನಂಬಿಕೆ.)

ಮಿಸ್: ಮಕ್ಕಳನ್ನ ಕೇಳೋದು ಅಂದ್ಯಲ್ಲ. ನನ್ನ ಕ್ಲಾಸಲ್ಲಿ ಒಂದು ರಟ್ಟಿನ ಡಬ್ಬ ಇಟ್ಟಿದೀನಿ. ಹೆಸರು ಬರೀಬೇಡಿ, ಪ್ರಶ್ನೆ ಬರೆದು ಹಾಕಿ ಅಂತ ಹೇಳಿದೀನಿ. ಕನ್ನಡದಲ್ಲಿ ಬರೀತಾರೆ, ತಮಿಳಲ್ಲಿ ಬರೀತಾರೆ, ತೆಲುಗಲ್ಲಿ, ಉರ್ದೂಲಿ ಬರೀತಾರೆ. ಓದೋಕಾಗದ್ದನ್ನ ಬೇರೆ ಟೀಚರ್ ಹತ್ರ ಓದಿಸ್ತೀನಿ. ಯಾವುದರಲ್ಲೂ ಕೆಟ್ಟ ಮಾತಿಲ್ಲ ಕಣಮ್ಮ. ಎಲ್ಲಾ ಭಯದ ಪ್ರಶ್ನೆಗಳೇ. ‘ನನಗೆ ಹದಿನೈದಾಯ್ತು, ಇನ್ನೂ ಮುಟ್ಟಾಗಿಲ್ಲ, ನಂಗೇನಾದ್ರೂ ಕಾಯಿಲೆನಾ?’ ‘ಕೈ ಹಿಡ್ಕೊಂಡ್ರೆ ಏಡ್ಸ್ ಬರುತ್ತಾ?’ ‘ಮಾಮ ಮನೆಗೆ ಬಂದಾಗ ನಂಗೆ ಹೆದರಿಕೆ ಆಗುತ್ತೆ, ಯಾರಿಗೆ ಹೇಳ್ಲಿ?’ ಕೊನೇ ಚೀಟಿ ಓದಿದ ದಿನ ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ಹುಡುಗಿ: ಏನು ಮಾಡಿದ್ರಿ?

ಮಿಸ್: ಮಾರನೇ ದಿನ ಇಡೀ ಕ್ಲಾಸಿಗೆ ಹೇಳಿದೆ. ಯಾರೇ ಆಗಲಿ, ಮನೆಯವರೇ ಆಗಲಿ, ಮೈ ಮುಟ್ಟಿ ಹಿಂಸೆ ಆಗೋ ಹಾಗೆ ಮಾಡಿದ್ರೆ ತಪ್ಪು ನಿಮ್ಮದಲ್ಲ. 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ. ಇಲ್ಲಾಂದ್ರೆ ನನ್ನ ಹತ್ರ ಬನ್ನಿ. ಬಂದು ಹೇಳಿದ್ರೆ ನಾನು ಗುಟ್ಟಾಗಿ ಇಟ್ಕೊಳ್ಳೋ ಹಾಗಿಲ್ಲ, ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೋ ಕಾಯ್ದೆ ಹಾಗೆ ಹೇಳುತ್ತೆ ಅಂತಾನೂ ಹೇಳಿದೆ. ಮೊದಲೇ ಹೇಳದೆ ಇದ್ರೆ ಅದು ಮಗುವಿಗೆ ಮೋಸ. ಆದ್ರೂ ಒಂದು ಮಗು ಬಂತು. ಮುಂದಿನದು ನಿನಗೆ ಬೇಡ.

ಹುಡುಗ: ಮಿಸ್, ಪೋಕ್ಸೋ ಅಂದ್ರೆ ಅಂಥ ಕೆಟ್ಟವರಿಗೆ ಮಾತ್ರ ಅಲ್ವಾ?

ಮಿಸ್: ಅಲ್ಲಪ್ಪ. ಇದನ್ನ ನೀನು ತಿಳ್ಕೊಂಡಿರಲೇಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನ ಕಾಪಾಡೋಕೆ 2012ರ ನವೆಂಬರ್ 14ರಿಂದ ಜಾರಿಗೆ ಬಂದ ಕಾಯ್ದೆ ಅದು. ಹದಿನೆಂಟು ತುಂಬದವರೆಲ್ಲಾ ಅದರ ಲೆಕ್ಕದಲ್ಲಿ ಮಕ್ಕಳು. ಹುಡುಗಿ ಹದಿನೇಳು ವರ್ಷದವಳು, ‘ನಾನೇ ಇಷ್ಟಪಟ್ಟು ಬಂದೆ’ ಅಂದ್ರೂ ಕಾನೂನು ಆ ಒಪ್ಪಿಗೇನ ಲೆಕ್ಕಕ್ಕೆ ಇಟ್ಕೊಳ್ಳಲ್ಲ. ಜೊತೇಲಿ ಹೋದ ಹುಡುಗನಿಗೆ ಹತ್ತೊಂಬತ್ತಾಗಿದ್ರೆ ಅವನು ಆರೋಪಿ. ದೈಹಿಕ ಸಂಬಂಧ ಸಾಬೀತಾದ್ರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಮದುವೆ ಮಾಡ್ಕೊಂಡ್ವಿ ಅಂದ್ರೂ ತಪ್ಪಿಸ್ಕೊಳ್ಳೋಕಾಗಲ್ಲ. ಬಾಲ್ಯವಿವಾಹ ಕಾಯ್ದೆಗೆ ಕರ್ನಾಟಕ ತಂದಿರೋ ತಿದ್ದುಪಡಿ ಪ್ರಕಾರ ಆ ಮದುವೆ ಮೊದಲಿಂದಲೇ ಅಸಿಂಧು.

ಹುಡುಗ: ಇದನ್ನ ಯಾರೂ ಹೇಳಿಲ್ಲ. ನಮ್ಮ ಬೀದೀಲಿ ಒಬ್ಬ ಅಣ್ಣ ಹೀಗೇ ಜೈಲಿಗೆ ಹೋಗಿದಾನೆ ಮಿಸ್. ಪಾಪ, ಅವನಿಗೂ ಗೊತ್ತಿರಲಿಲ್ಲ.

ಮಿಸ್: ಗೊತ್ತಿರಲಿಲ್ಲ ಅನ್ನೋದನ್ನ ನಮ್ಮ ಹೈಕೋರ್ಟೇ ಗಮನಿಸಿದೆ. ಹದಿನೇಳು ವರ್ಷದ ಹುಡುಗಿ ತಾನು ಪ್ರೀತಿಸಿದವನ ಜೊತೆ ಹೋಗಿದ್ದ ಒಂದು ಕೇಸು ಧಾರವಾಡ ಪೀಠದ ಮುಂದೆ ಬಂತು. ವಿಚಾರಣೆ ಮುಗಿಯೋ ಹೊತ್ತಿಗೆ ಅವರಿಬ್ಬರೂ ಮದುವೆಯಾಗಿ ಮಕ್ಕಳೂ ಆಗಿದ್ವು. 2022ರ ನವೆಂಬರಲ್ಲಿ ತೀರ್ಪು ಕೊಡುವಾಗ, ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಪೋಕ್ಸೋ ಕಾಯ್ದೆ ತಿಳಿಸೋಕೆ ಪಾಠ ಸಿದ್ಧಮಾಡಿ ಅಂತ ಶಿಕ್ಷಣ ಇಲಾಖೆಗೆ ಕೋರ್ಟ್ ಹೇಳಿತು. ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಯೋಚಿಸಲಿ ಅಂತಾನೂ ಹೇಳಿತು. ಆಯೋಗ 2023ರ ವರದೀಲಿ ಹದಿನೆಂಟೇ ಇರಲಿ ಅಂತು. ಅಂದ್ಮೇಲೆ ಆ ಗೆರೆ ಎಲ್ಲಿದೆ ಅಂತ ಮಕ್ಕಳಿಗೆ ತೋರಿಸೋ ಹೊಣೆ ಯಾರದು? ಸುಪ್ರೀಂ ಕೋರ್ಟ್ ಕೂಡ 2024ರ ಸೆಪ್ಟೆಂಬರಲ್ಲಿ ಲೈಂಗಿಕ ಶಿಕ್ಷಣದ ಬಗ್ಗೆ ಇರೋ ತಪ್ಪು ತಿಳಿವಳಿಕೆ ಹೋಗಬೇಕು ಅಂತು. 2025ರ ಅಕ್ಟೋಬರಲ್ಲಿ, ಒಂಬತ್ತನೇ ತರಗತಿವರೆಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿಂದಲೇ ಹೇಳ್ಕೊಡಿ ಅಂತು. ಕೋರ್ಟುಗಳು ಇಷ್ಟು ಹೇಳಿದ ಮೇಲೂ ಹೂವಿನ ಚಿತ್ರಕ್ಕೇ ನಿಂತ್ರೆ ಹೇಗೆ?

ಹುಡುಗಿ: ಇವನು ಏನೋ ಕೇಳ್ಬೇಕು ಅಂತ ದಾರಿಯುದ್ದಕ್ಕೂ ಅಂತಿದ್ದ ಮಿಸ್. ನಾನು ಹೊರಗಡೆ ಇರ್ಲೇನೋ?

ಹುಡುಗ: ಬೇಡ ಅಕ್ಕ, ಇರು. ಮಿಸ್, ಶುಚಿ ಯೋಜನೆ ಪ್ಯಾಡ್ ಕೊಡೋ ದಿನ ಹುಡುಗೀರಿಗೆ ಒಂದು ಕ್ಲಾಸ್ ಆಯ್ತು, ನರ್ಸ್ ಬಂದಿದ್ರು. ನಮ್ಮನ್ನೆಲ್ಲಾ ಮೈದಾನಕ್ಕೆ ಕಳಿಸಿದ್ರು. ನಮಗೆ ಅಂತ ಯಾರೂ ಬರಲೇ ಇಲ್ಲ. ನಮ್ಮ ಮೈಯೂ ಬದಲಾಗುತ್ತಲ್ಲ? ಸ್ಟೇಷನ್ ಹತ್ರ ಕಾಂಪೌಂಡ್ ಮೇಲೆ ಬರೆದಿರ್ತಾರೆ, ಶಕ್ತಿ ಹೋಗುತ್ತೆ, ಗುಪ್ತರೋಗ, ಮದುವೆಗೆ ಲಾಯಕ್ಕಾಗಲ್ಲ, ಈ ನಂಬರಿಗೆ ಫೋನ್ ಮಾಡಿ ಅಂತ. ನಮ್ಮ ಕ್ಲಾಸಲ್ಲಿ ಒಬ್ಬ ಫೋನ್ ಮಾಡಿ ಅಮ್ಮನ ದುಡ್ಡು ಕದ್ದು ಪುಡಿ ತರಿಸ್ಕೊಂಡ. ತಿಂದು ವಾಂತಿ ಮಾಡ್ಕೊಂಡ. ಅವನಿಗೆ ಏನೂ ಆಗಿರಲಿಲ್ಲ ಅಲ್ವಾ ಮಿಸ್?

ಮಿಸ್: ಏನೂ ಆಗಿರಲಿಲ್ಲ. ಸ್ವಪ್ನಸ್ಖಲನ ಅನ್ನೋದು ಹದಿಹರೆಯದ ಗಂಡುಮಕ್ಕಳಿಗೆ ಸಹಜ. ಅದರಿಂದ ರಕ್ತ ಹೋಗಲ್ಲ, ಶಕ್ತಿ ಹೋಗಲ್ಲ, ಓದೋ ತಲೇನೂ ಹಾಳಾಗಲ್ಲ. ಧಾತು ಹೋಗುತ್ತೆ ಅನ್ನೋ ಹೆದರಿಕೆಯಿಂದಲೇ ಸುಸ್ತು, ನಿದ್ದೆಗೇಡು, ಚಿಂತೆ ಬರುತ್ತೆ ಅಂತ ನಮ್ಮ ದೇಶದ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಗುರುತಿಸಿ, ಆ ಹೆದರಿಕೆಯ ಕಾಯಿಲೆಗೇ ಹೆಸರಿಟ್ರು. ಆ ಗೋಡೆಬರಹ ಇದೆಯಲ್ಲ, ಅದು ಕಾನೂನುಬಾಹಿರ. ಅಂಥ ಔಷಧಿಗಳ ಜಾಹೀರಾತನ್ನ 1954ರ ಕಾಯ್ದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ಆಯ್ತು, ಗೋಡೆ ಹಾಗೇ ಇದೆ. ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹತ್ತು ನಿಮಿಷ ಮಾತಾಡಿದ್ರೆ ನಿನ್ನ ಗೆಳೆಯನ ಅಮ್ಮನ ದುಡ್ಡು ಉಳೀತಿತ್ತು.

ಹುಡುಗ: ಅಕ್ಕನ ಮುಂದೆ ಇದನ್ನ ಕೇಳ್ತೀನಿ ಅಂತ ಅಂದ್ಕೊಂಡಿರಲಿಲ್ಲ.

ಹುಡುಗಿ: ನಂಗೂ ಗೊತ್ತಿರಲಿಲ್ಲ ಕಣೋ. ಹುಡುಗರಿಗೆ ಇಂಥ ಭಯ ಇರುತ್ತೆ ಅಂತಾನೇ ಗೊತ್ತಿರಲಿಲ್ಲ. ಹುಡುಗರು ಅಂದ್ರೆ ನಮ್ಮನ್ನ ನೋಡಿ ನಗೋರು ಅಂತ ಅಷ್ಟೇ.

ಮಿಸ್: ಹಾಗಾದ್ರೆ ಇಬ್ಬರೂ ಹೇಳಿ. ಪಾಠ ಒಟ್ಟಿಗೆ ಮಾಡ್ಬೇಕಾ, ಬೇರೆ ಬೇರೆ ಮಾಡ್ಬೇಕಾ?

ಹುಡುಗಿ: ಒಟ್ಟಿಗೇ. ಮುಟ್ಟಿನ ಬಗ್ಗೆ ಹುಡುಗರಿಗೂ ಗೊತ್ತಾಗ್ಲಿ. ಲಂಗದ ಮೇಲೆ ಕಲೆ ಕಂಡ್ರೆ ನಗೋದು ನಿಲ್ಲುತ್ತೆ. ‘ಬೇಡ’ ಅಂದ್ರೆ ಬೇಡ ಅಂತಲೇ ಅರ್ಥ ಅನ್ನೋದನ್ನ ಅವರು ನಮ್ಮ ಮುಂದೆಯೇ ಕಲೀಬೇಕು.

ಹುಡುಗ: ಬೇರೆ ಬೇರೆ ಮಾಡಿ ಮಿಸ್. ಅಕ್ಕ ಮನೆಯವಳು, ಅವಳ ಮುಂದೆ ಕೇಳ್ದೆ. ಕ್ಲಾಸಲ್ಲಿ ಹುಡುಗೀರ ಮುಂದೆ ನಾನು ಬಾಯಿ ಬಿಡಲ್ಲ. ಆಮೇಲೆ ವರ್ಷವೆಲ್ಲಾ ಅಡ್ಡಹೆಸರಿಟ್ಟು ಕರೀತಾರೆ.

ಹುಡುಗಿ: ಬೇರೆ ಬೇರೆ ಅಂದ ಕೂಡಲೇ ಹುಡುಗರ ಕ್ಲಾಸ್ ಮರೆತುಹೋಗುತ್ತೆ ನೋಡು, ಮತ್ತೆ ಮೈದಾನಕ್ಕೇ ಕಳಿಸ್ತಾರೆ!

ಮಿಸ್: ಇಬ್ಬರ ಮಾತಲ್ಲೂ ಹುರುಳಿದೆ. ನಾನು ಪಾಠ ಒಟ್ಟಿಗೆ ಮಾಡ್ತೀನಿ, ಡಬ್ಬದ ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಹೇಳ್ತೀನಿ. ಅದೇ ಸರಿ ಅಂತ ಎಲ್ಲಾ ಶಾಲೆಗೂ ಹೇಳಲಾರೆ.

ಹುಡುಗಿ: ಚರ್ಚೇಲಿ ಎದುರು ಕಡೆಯವರು ಹೇಳೋದು ನಂಗೆ ಈಗಲೇ ಗೊತ್ತು. ಇದು ನಮ್ಮ ಸಂಸ್ಕೃತಿ ಅಲ್ಲ, ಹೊರಗಿಂದ ಬಂದಿದ್ದು ಅಂತಾರೆ.

ಮಿಸ್: ಸರ್ಕಾರವೇ ನಡೆಸಿದ ಜನನ ನಿಯಂತ್ರಣ ಕ್ಲಿನಿಕ್ ಜಗತ್ತಲ್ಲಿ ಮೊದಲು ಶುರುವಾದದ್ದು ಎಲ್ಲಿ ಅಂತ ಅವರನ್ನ ಕೇಳು. ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕೆಜಿಎಫ್ ಇದ್ದದ್ದು ಅದೇ ಸಂಸ್ಥಾನದಲ್ಲಿ. ಇನ್ನು ನಿಮ್ಮ ಲೈನಿನ ಮೂಲೇಲಿ ಯಾರ ಪ್ರತಿಮೆ ಇದೆ?

ಹುಡುಗಿ: ಅಂಬೇಡ್ಕರ್.

ಮಿಸ್: 1938ರ ನವೆಂಬರ್ 10ರಂದು ಮುಂಬಯಿ ಶಾಸನಸಭೆಯಲ್ಲಿ ಅಂಬೇಡ್ಕರ್ ಪರವಾಗಿ ಪಿ.ಜೆ. ರೋಹಮ್ ಒಂದು ನಿರ್ಣಯ ಮಂಡಿಸಿದ್ರು. ಜನನ ನಿಯಂತ್ರಣದ ತಿಳಿವಳಿಕೇನ ಸರ್ಕಾರ ಜನರಿಗೆ ಮುಟ್ಟಿಸ್ಬೇಕು, ಅದಕ್ಕೆ ಬೇಕಾದ ಅನುಕೂಲ ಮಾಡಿಕೊಡ್ಬೇಕು ಅಂತ. ಬಿದ್ದುಹೋಯ್ತು, ಪರವಾಗಿ ಬಂದದ್ದು ಹನ್ನೊಂದು ಮತ. ಹೆಂಗಸಿನ ಮೈಯ ಕಷ್ಟವನ್ನ ಸಭೇಲಿ ಮಾತಾಡೋ ಧೈರ್ಯ ಆ ಕಾಲದಲ್ಲೇ ನಮ್ಮವರಿಗಿತ್ತು. ಕನ್ನಡದ ಮಾತೇ ಬೇಕಂದ್ರೆ ಡಾಕ್ಟರ್ ಅನುಪಮಾ ನಿರಂಜನ ಇದ್ದಾರೆ. ಬೆಳೆಯೋ ಹುಡುಗೀರಿಗೇ ಅಂತ ‘ಕೇಳು ಕಿಶೋರಿ’ ಬರೆದ್ರು. ನಾನು ಅದನ್ನ ಓದಿದ್ದು ನಿನ್ನ ವಯಸ್ಸಲ್ಲಿ, ರಾಬರ್ಟ್‌ಸನ್‌ಪೇಟೆಯ ಗೆಳತಿಯೊಬ್ಬಳ ಮನೇಲಿ. ಒಂದು ಪ್ರತಿ ಎಷ್ಟೋ ಜನರ ಕೈ ದಾಟಿ ಬಂದಿತ್ತು. ಹುಡುಗರಿಗೆ ಅಂಥ ಪುಸ್ತಕವೊಂದನ್ನ ನಮ್ಮೂರಲ್ಲಿ ನಾನು ಕಾಣಲಿಲ್ಲ.

ಹುಡುಗಿ: ಎಲ್ಲಾ ಟೀಚರ್‌ಗಳೂ ನಿಮ್ಮ ಹಾಗೆ ಮಾತಾಡಲ್ಲ ಮಿಸ್.

ಮಿಸ್: ಅವರನ್ನ ಬೈಬೇಡ. ಒಂದು ದಿನದ ತರಬೇತಿ ಕೊಟ್ಟು, ಕೈಗೊಂದು ಕರಪತ್ರ ಕೊಟ್ಟು ಕಳಿಸಿದ್ರೆ ಯಾರಿಗೆ ಧೈರ್ಯ ಬರುತ್ತೆ? ಮಾರನೇ ದಿನ ಒಬ್ಬ ಪೋಷಕ ಬಂದು ಕೂಗಾಡಿದ್ರೆ ಮುಖ್ಯಶಿಕ್ಷಕರು ಪಕ್ಕದಲ್ಲಿ ನಿಲ್ತಾರೆ ಅನ್ನೋ ನಂಬಿಕೆ ಬೇಕು. ಎಲ್ಲಾ ನಾವೇ ಹೇಳ್ಬೇಕು ಅಂತಾನೂ ಇಲ್ಲ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಿಂದ ಇದೆ, ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ. ಅದರ ಕೆಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ನಡೆಸ್ತಾರೆ. ಅಲ್ಲಿಯ ಆಪ್ತಸಮಾಲೋಚಕರನ್ನ ಶಾಲೆಗೆ ಕರೀಬಹುದು. ನಿಮ್ಮಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು?

ಹುಡುಗ: ನಾನು ಕೇಳೇ ಇಲ್ಲ.

ಹುಡುಗಿ: ನಾನೂ ಇಲ್ಲ. ಗೊತ್ತಿದ್ರೂ ಒಬ್ಬಳೇ ಹೋಗಲ್ಲ ಮಿಸ್. ಚಿಕ್ಕ ಊರು, ಆಸ್ಪತ್ರೆ ಬಾಗಿಲಲ್ಲಿ ಕಂಡ್ರೆ ಸಂಜೆ ರೈಲಲ್ಲೇ ಅಮ್ಮನಿಗೆ ಸುದ್ದಿ ಮುಟ್ಟಿರುತ್ತೆ. ಅವರೇ ಶಾಲೆಗೆ ಬಂದ್ರೆ ಅದು ಬೇರೆ. ಇಡೀ ಕ್ಲಾಸ್ ಕೂತಿರುತ್ತೆ, ಯಾರ ಮೇಲೂ ಬೆರಳು ಬರಲ್ಲ.

ಮಿಸ್: ಈ ಮಾತು ಚರ್ಚೇಲಿ ಹೇಳು. ನಾನು ಕೊಟ್ಟ ಇಸವಿಗಳಿಗಿಂತ ಇದು ಮುಖ್ಯ. ಇನ್ನೇನು ಕೇಳ್ತೀಯ ಶಾಲೆಯವರನ್ನ?

ಹುಡುಗಿ: ಎಂಟನೇ ಕ್ಲಾಸಿನ ಪಾಠ ಶಾಲೆ ಶುರುವಾದ ಹೊಸದರಲ್ಲೇ ಆಗಲಿ. ಕೊನೇಗೆ ಇಟ್ಕೊಂಡು, ಟೈಮ್ ಸಾಲಲಿಲ್ಲ ಅನ್ನೋದು ಬೇಡ. ನನ್ನ ಗೆಳತಿಗೆ ಆರನೇ ಕ್ಲಾಸಲ್ಲೇ ಮುಟ್ಟು ಶುರುವಾಗಿತ್ತು, ಅವಳಂಥವರಿಗೆ ಎಂಟನೇದೇ ತಡ. ಅರ್ಥ ಆಗದ ಮಕ್ಕಳಿಗೆ ತಮಿಳಲ್ಲೋ ತೆಲುಗಲ್ಲೋ ಒಂದು ಸಲ ಹೇಳಿ. ಮೊಬೈಲಲ್ಲಿ ಫೋಟೊ ಇಟ್ಕೊಂಡು ಹೆದರಿಸಿದ್ರೆ ಏನು ಮಾಡ್ಬೇಕು ಅಂತಾನೂ ಹೇಳ್ಕೊಡಿ, ಪುಸ್ತಕದಲ್ಲಿ ಅದು ಇಲ್ಲ. ಹುಡುಗರನ್ನ ಮೈದಾನಕ್ಕೆ ಕಳಿಸ್ಬೇಡಿ. ಮತ್ತೆ ಅಮ್ಮಂದಿರಿಗೆ ಮೊದಲು ಪಾಠ ತೋರಿಸಿ. ಪುಸ್ತಕ ಬಿಚ್ಚಿ ಓದಿ ಹೇಳಿದ್ರೆ ನಮ್ಮಮ್ಮ ಬೇಡ ಅನ್ನಲ್ಲ. ಅವಳಿಗೆ ಇದನ್ನ ಯಾರೂ ತೋರಿಸಿಲ್ಲ ಅಷ್ಟೇ.

ಮಿಸ್: ಅಮ್ಮಂದಿರನ್ನ ಕರೆಯೋದು ಹೇಗಮ್ಮ? ಪೋಷಕರ ಸಭೆ ಇಡೋದು ವಾರದ ದಿನ. ಆ ಹೊತ್ತಿಗೆ ಅವರು ಬೆಂಗಳೂರಲ್ಲಿರ್ತಾರೆ. ಬರೋದು ಅಜ್ಜಿ ಇಲ್ಲಾ ಪಕ್ಕದ ಮನೆಯವರು.

ಹುಡುಗಿ: ಭಾನುವಾರ ಇಡಿ ಮಿಸ್.

ಇವರ ಮಾತು ಇಲ್ಲಿಗೆ ನಿಂತರೂ ನನ್ನದೊಂದು ಕೋರಿಕೆ ಇದೆ. ಕೆಜಿಎಫ್ ಮತ್ತು ಬಂಗಾರಪೇಟೆಯ ಮುಖ್ಯಶಿಕ್ಷಕರೇ, ಶಾಲಾಭಿವೃದ್ಧಿ ಸಮಿತಿಯ ಸದಸ್ಯರೇ, ಈ ವರ್ಷ ಒಂದು ಪೋಷಕರ ಸಭೆಯನ್ನಾದರೂ ಭಾನುವಾರ ಕರೆಯಿರಿ. ಎಂಟನೇ ಮತ್ತು ಹತ್ತನೇ ತರಗತಿಯ ಆ ಎರಡು ಪಾಠಗಳನ್ನು ತಾಯಂದಿರ, ತಂದೆಯರ ಮುಂದೆ ಗಟ್ಟಿಯಾಗಿ ಓದಿಸಿ, ಸರ್ಕಾರಿ ಆಸ್ಪತ್ರೆಯಿಂದ ಒಬ್ಬರನ್ನು ಕರೆಸಿ ಕೂರಿಸಿ. ದಿನಾ ರೈಲು ಹತ್ತುವ ತಂದೆತಾಯಿಗಳೇ, ಆ ಒಂದು ಭಾನುವಾರ ಶಾಲೆಗೆ ಬನ್ನಿ. ಆ ಪಾಠ ಮಾಡಿದಿರಾ ಎಂದು ಕೇಳಿ. ಮಾಡದಿದ್ದರೆ, ಯಾವಾಗ ಮಾಡುತ್ತೀರಿ ಎಂದು ದಿನಾಂಕ ಬರೆಸಿಕೊಂಡು ಮನೆಗೆ ಹೋಗಿ.